ಮಾವನ ಮಳೆ ಪುಸ್ತಕಕ್ಕೆ ವರ್ಡ್‌ನಲ್ಲಿ ಬಣ್ಣ ತುಂಬಿದ್ದು

ನಮ್ಮ ಮನೆಯಲ್ಲಿ ಬೆಳಗಿನ ಕಾಫಿಗಿಂತ ಮೊದಲು ಆಗುವ ಕೆಲಸ ಒಂದಿದೆ. ಮಾವ ಕೊಡೆ ಹಿಡಿದು ಕಣದ ಮೂಲೆಗೆ ಹೋಗುತ್ತಾರೆ. ಮಳೆ ಮಾಪಕದ ನೀರನ್ನು ಅಳತೆ ಗಾಜಿಗೆ ಸುರಿದು, ಕನ್ನಡಕ ಮೇಲೆತ್ತಿ ನೋಡಿ, ಒಳಗೆ ಬಂದು ಪುಸ್ತಕದಲ್ಲಿ ಬರೆಯುತ್ತಾರೆ. ಇಷ್ಟು ಇಂಚು, ಇಷ್ಟು ಸೆಂಟು. ಕೊಡಗಿನಲ್ಲಿ ಮಳೆಯನ್ನು ಮಿಲಿಮೀಟರಿನಲ್ಲಿ ಹೇಳಿದರೆ ತೋಟದವರ ತಲೆಗೆ ಹೋಗುವುದಿಲ್ಲ. ಫೋನ್ ಮಾಡಿದವರೆಲ್ಲ ಕೇಳುವುದು "ನಿಮ್ಮಲ್ಲಿ ಎಷ್ಟು ಸೆಂಟು?" ಅಂತಲೇ. ನೂರು ಸೆಂಟಿಗೆ ಒಂದು ಇಂಚು, ಅಂದರೆ 25.4 ಮಿಲಿಮೀಟರ್.

ಈ ಮಳೆಗಾಲದಲ್ಲಿ ತೋಟದ ಕೆಲಸ ನಿಂತಿದ್ದಾಗ ಮಾವ ಒಂದು ಹಳೆ ಪುಸ್ತಕ ತಂದು ನನ್ನ ಮುಂದೆ ಇಟ್ಟರು. 2018ರದ್ದು. "ಇದನ್ನ ಒಂದೇ ಹಾಳೆಯಲ್ಲಿ ಬರುವ ಹಾಗೆ ಮಾಡಿ ಕೊಡಮ್ಮ. ಆಫೀಸ್ ಗೋಡೆಗೆ ಹಾಕಬೇಕು. ದೂರದಿಂದ ನೋಡಿದರೂ ಮಳೆ ಯಾವಾಗ ಜಾಸ್ತಿ ಬಂತು ಅಂತ ಗೊತ್ತಾಗಬೇಕು" ಅಂದರು. ತೋಟದ ಸಂಬಳದ ಪಟ್ಟಿ, ಪತ್ರ ಎಲ್ಲ ಟೈಪ್ ಮಾಡುವುದು ನಾನೇ. ಒಂದು ಸಂಜೆಯ ಕೆಲಸ ಅಂದುಕೊಂಡೆ. ಹನ್ನೊಂದು ದಿನ ಹಿಡಿಯಿತು. ಅದರಲ್ಲಿ ಮೂರು ದಿನ ಕರೆಂಟ್ ಇರಲಿಲ್ಲ ಅನ್ನುವುದು ಬೇರೆ ಮಾತು.

ಇದಕ್ಕೆ ಎಕ್ಸೆಲ್ ಸಾಕಿತ್ತಲ್ವಾ ಅಂತ ನೀವು ಕೇಳಬಹುದು. ಸಾಕಿತ್ತು. ಅಂಕಿ ನೋಡಿ ತಾನೇ ಬಣ್ಣ ಹಾಕುವ ಸೌಲಭ್ಯ ಅದರಲ್ಲಿದೆ. ಆದರೆ ಹಾಳೆಯ ಹಿಂಬದಿಗೆ ಮಾವನ ಟಿಪ್ಪಣಿಗಳು ಬೇಕಿದ್ದವು. ಕಾಫಿ ಹೂ ಅರಳಿಸುವ ಹೂಮಳೆ ಯಾವತ್ತು ಬಂತು, ಆಮೇಲೆ ಕಾಯಿ ಕಟ್ಟಲು ಬೇಕಾದ ಬ್ಯಾಕಿಂಗ್ ಮಳೆ ಎಷ್ಟು ದಿನ ಬಿಟ್ಟು ಬಂತು, ಕೊಳೆರೋಗ ತಡೆಯುವ ಬೋರ್ಡೋ ದ್ರಾವಣದ ಸಿಂಪಡಣೆ ಯಾವಾಗ ಆಯಿತು, ಇಂಥವು. ಉದ್ದದ ಕನ್ನಡ ಬರಹಕ್ಕೆ ಎಕ್ಸೆಲ್ ನನಗೆ ಒಗ್ಗುವುದಿಲ್ಲ. ಹಾಗಾಗಿ ಎರಡೂ ಬದಿ ವರ್ಡ್‌ನಲ್ಲೇ ಮಾಡಿದೆ. ಮುಂದಿನ ಸಲವೂ ಹಾಗೇ ಮಾಡುತ್ತೇನಾ ಅಂದರೆ, ಟಿಪ್ಪಣಿ ಇಲ್ಲದಿದ್ದರೆ ಖಂಡಿತ ಇಲ್ಲ.

ಮೊದಲು ಚೌಕಟ್ಟು. ಎ4 ಹಾಳೆ, ಉದ್ದುದ್ದ. ಎಡಕ್ಕೆ ತಾರೀಕು, ಬಲಕ್ಕೆ 12 ತಿಂಗಳು, ಒಟ್ಟು 13 ಕಾಲಂ. ಮೇಲೆ ತಿಂಗಳ ಹೆಸರು, ನಡುವೆ 31 ದಿನ, ಕೆಳಗೆ ಮೊತ್ತ, ಒಟ್ಟು 33 ಸಾಲು. ಸಾಲಿನ ಎತ್ತರ 0.75 ಸೆಂಟಿಮೀಟರ್ ಕೊಟ್ಟರೆ 24.75 ಸೆಂಟಿಮೀಟರ್ ಆಗುತ್ತದೆ. ಮೇಲೆ ಕೆಳಗೆ ಒಂದೂವರೆ ಒಂದೂವರೆ ಸೆಂಟಿಮೀಟರ್ ಅಂಚು ಬಿಟ್ಟರೂ, ತಲೆಬರಹಕ್ಕೆ ಮತ್ತು ಯಾವ ಬಣ್ಣ ಎಷ್ಟು ಮಳೆ ಅಂತ ಹೇಳುವ ಬಣ್ಣದ ಕೀಲಿಗೆ ಸುಮಾರು ಎರಡು ಸೆಂಟಿಮೀಟರ್ ಉಳಿಯಿತು.

ಇಲ್ಲೇ ಮೊದಲ ಪೆಟ್ಟು. ಸಾಲಿನ ಎತ್ತರಕ್ಕೆ 'ಎಕ್ಸಾಕ್ಟ್‌ಲಿ' ಅಂತ ಕೊಟ್ಟಿದ್ದೆ. ಅಂಕಿಗಳಿಗೆ ಏನೂ ಆಗಲಿಲ್ಲ. ತಲೆಸಾಲಿನ ಸೆಪ್ಟೆಂಬರ್, ಅಕ್ಟೋಬರ್ ಎರಡರ ಒತ್ತಕ್ಷರಗಳ ಕಾಲು ಕತ್ತರಿಸಿ ಹೋಗಿತ್ತು. ಕನ್ನಡದಲ್ಲಿ ಟೇಬಲ್ ಮಾಡುವವರು ತಲೆಸಾಲಿಗೆ ಮಾತ್ರ 'ಅಟ್ ಲೀಸ್ಟ್' ಇಟ್ಟುಕೊಳ್ಳಿ. ಒತ್ತು ಬೇಡಿದಷ್ಟು ಜಾಗ ಸಾಲು ತಾನೇ ಬಿಡುತ್ತದೆ.

ಅಂಕಿ ತುಂಬಲು ಎರಡು ಸಂಜೆ ಬೇಕಾಯಿತು. ಜನವರಿ, ಫೆಬ್ರವರಿಯಲ್ಲಿ ಬರೆಯುವುದಕ್ಕೆ ಏನೂ ಇರಲಿಲ್ಲ, ಓಡಿತು. ಜೂನ್ ಬಂದ ಮೇಲೆ ಒಂದೊಂದು ದಿನವನ್ನೂ ಕೂತು ಓದಬೇಕಾಯಿತು. ಮಾವನ 1 ಮತ್ತು 7 ಅವಳಿ ಮಕ್ಕಳ ಹಾಗಿವೆ.

ಆಮೇಲೆ ಬಣ್ಣ. ನಾನು ಮಾಡಿದ ಮೊದಲ ಕೆಲಸ, ಪಠ್ಯಪುಸ್ತಕದಲ್ಲಿ ಗೆರೆ ಎಳೆಯುವ ಪೆನ್ನಿನ ಹಾಗಿರುವ ಹೈಲೈಟ್ ಗುಂಡಿ ಒತ್ತಿದ್ದು. ಅಂಕಿಯ ಹಿಂದೆ ಮಾತ್ರ ಬಣ್ಣ ಬಂತು. 5 ಸೆಂಟು ಬರೆದ ಕಡೆ ಚಿಕ್ಕ ಚುಕ್ಕಿ, 1.45 ಅಂತ ಬರೆದ ಕಡೆ ಉದ್ದ ಪಟ್ಟಿ. ಮಳೆ ಜಾಸ್ತಿ ಅಂತ ಅಲ್ಲ, ಅಕ್ಷರ ಜಾಸ್ತಿ ಅಂತ ಪಟ್ಟಿ ಉದ್ದ! ಹೈಲೈಟಿನಲ್ಲಿ ಇರುವುದೂ 15 ಬಣ್ಣ ಮಾತ್ರ, ಅದರಲ್ಲಿ ಅರ್ಧ ಕಣ್ಣಿಗೆ ಹೊಡೆಯುವಂಥವು. ತೆಗೆಯೋಣ ಅಂತ ಎಲ್ಲ ಆರಿಸಿಕೊಂಡು 'ಕ್ಲಿಯರ್ ಆಲ್ ಫಾರ್ಮ್ಯಾಟಿಂಗ್' ಒತ್ತಿದೆ. ದಪ್ಪಕ್ಷರ ಹೋಯಿತು, ಫಾಂಟ್ ಹೋಯಿತು, ಹೈಲೈಟ್ ಅಲ್ಲೇ ಕೂತಿತ್ತು. ಆ ಗುಂಡಿ ಹೈಲೈಟನ್ನು ಮುಟ್ಟುವುದೇ ಇಲ್ಲ. ಹೈಲೈಟ್ ಪಟ್ಟಿಯನ್ನೇ ತೆರೆದು 'ನೋ ಕಲರ್' ಕೊಡಬೇಕು.

ಮರುದಿನ 'ಬಾರ್ಡರ್ಸ್ ಅಂಡ್ ಶೇಡಿಂಗ್' ಪೆಟ್ಟಿಗೆ ತೆರೆದೆ. ಶೇಡಿಂಗ್ ಪುಟಕ್ಕೆ ಹೋಗಿ ಹಸಿರು ಆರಿಸಿ ಓಕೆ ಒತ್ತಿದೆ. ಬಣ್ಣ ಬಂತು, ಆದರೆ ಟೇಬಲ್ಲಿನ ಕೋಣೆ (ಸೆಲ್) ತುಂಬಲಿಲ್ಲ. ಅಂಚೆ ಚೀಟಿ ಅಂಟಿಸಿದ ಹಾಗೆ ಸುತ್ತ ಬಿಳಿ ಉಳಿಯಿತು. ಕಾರಣ ಅದೇ ಪೆಟ್ಟಿಗೆಯ ಬಲಗಡೆ ಕೆಳಗಿತ್ತು. 'ಅಪ್ಲೈ ಟು' ಅನ್ನುವ ಜಾಗದಲ್ಲಿ 'ಪ್ಯಾರಾಗ್ರಾಫ್' ಇತ್ತು. ನಾನು ಅಂಕಿಯನ್ನಷ್ಟೇ ಆರಿಸಿಕೊಂಡಿದ್ದೆ, ಅದನ್ನೂ ನೋಡಿರಲಿಲ್ಲ.

ಇಡೀ ಕೆಲಸದಲ್ಲಿ ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಈ 'ಅಪ್ಲೈ ಟು' ಪಟ್ಟಿ. ವರ್ಡ್‌ನಲ್ಲಿ ಬಣ್ಣ ತುಂಬುವಾಗ ಯಾವುದಕ್ಕೆ ತುಂಬುತ್ತಿದ್ದೀರಿ ಅಂತ ಮೊದಲು ತೀರ್ಮಾನಿಸಬೇಕು. ಅಕ್ಷರಕ್ಕಾ, ಪ್ಯಾರಾಗೆಯಾ, ಕೋಣೆಗಾ, ಇಡೀ ಟೇಬಲ್ಲಿಗಾ? ನಾಲ್ಕೂ ಬೇರೆ ಬೇರೆ ಪದರ. ಒಂದರ ಮೇಲೆ ಒಂದು ಕೂರುತ್ತವೆ. ಪ್ಯಾರಾದ ಬಣ್ಣ ಕೋಣೆಯೊಳಗಿನ ಅಂಚನ್ನು ದಾಟುವುದಿಲ್ಲ. ಆ ಅಂಚು ಮಾಮೂಲಾಗಿ ಎಡಕ್ಕೂ ಬಲಕ್ಕೂ 0.19 ಸೆಂಟಿಮೀಟರ್ ಇರುತ್ತದೆ. ನನ್ನ ಅಂಚೆ ಚೀಟಿಯ ಬಿಳಿ ಅದೇ.

ಇದು ಗೊತ್ತಿಲ್ಲದೆ ಅದರ ಮೇಲೆ ಕೋಣೆಗೆ ನೀಲಿ ಕೊಟ್ಟೆ. ಸುತ್ತ ನೀಲಿ, ನಡುವೆ ಹಸಿರು. ಪ್ಯಾರಾದ ಬಣ್ಣ ಮೇಲಿನ ಪದರ, ಕೋಣೆಯದ್ದು ಕೆಳಗಿನದು. ಹಳೆ ಸುಣ್ಣ ಕೆರೆಯದೆ ಹೊಸದು ಬಳಿದ ಗೋಡೆಯ ಹಾಗೆ ಕಾಣುತ್ತಿತ್ತು. ಇಡೀ ಟೇಬಲ್ ಆರಿಸಿಕೊಂಡು ಕಂಟ್ರೋಲ್ ಮತ್ತು ಕ್ಯೂ ಒತ್ತಿದಾಗ ಪ್ಯಾರಾಗೆ ನೇರವಾಗಿ ಹಾಕಿದ್ದೆಲ್ಲ ಹೋಯಿತು. ಅದರ ಜೊತೆ ನಾನು ಮಾಡಿದ್ದ ನಡು ಜೋಡಣೆಯೂ ಹೋಯಿತು. ಅದನ್ನು ಮತ್ತೆ ಕೊಡುವುದು ಎರಡು ಸೆಕೆಂಡಿನ ಕೆಲಸ, ಬಿಡಿ.

ಕೋಣೆಗೆ ಬಣ್ಣ ಕೊಡಲು ಸುಲಭದ ದಾರಿ: ಕೋಣೆಯ ಎಡ ಅಂಚಿಗೆ ಮೌಸ್ ಒಯ್ದರೆ ದಪ್ಪ ಕರಿ ಬಾಣ ಬರುತ್ತದೆ. ಆಗ ಕ್ಲಿಕ್ ಮಾಡಿದರೆ ಕೋಣೆಯೇ ಆಯ್ಕೆಯಾಗುತ್ತದೆ. ಕಂಟ್ರೋಲ್ ಒತ್ತಿ ಹಿಡಿದರೆ ದೂರ ದೂರದ ಕೋಣೆಗಳನ್ನೂ ಸೇರಿಸಿಕೊಳ್ಳಬಹುದು. ಆಮೇಲೆ 'ಟೇಬಲ್ ಡಿಸೈನ್' ಟ್ಯಾಬಿನ 'ಶೇಡಿಂಗ್'. ಒಮ್ಮೆ ಕೊಟ್ಟ ಬಣ್ಣವನ್ನು ಬೇರೆ ಕೋಣೆಗೆ ಹಾಕಲು ಎಫ್4 ಸಾಕು. ಕೆಲವು ಲ್ಯಾಪ್‌ಟಾಪಿನಲ್ಲಿ ಎಫ್ಎನ್ ಕೀ ಜೊತೆಗೆ ಒತ್ತಬೇಕು. ಎಫ್4 ಕೊನೆಯ ಕೆಲಸವನ್ನು ಮತ್ತೆ ಮಾಡುತ್ತದೆ, ಅಷ್ಟೇ. ನಡುವೆ ಒಂದು ಅಂಕಿ ತಿದ್ದಿದರೆ ಅದು ಬಣ್ಣ ಮರೆತು ಆ ಅಂಕಿಯನ್ನೇ ಬರೆಯುತ್ತದೆ. ಜುಲೈ ತಿಂಗಳಿನ ಮೂರು ಕೋಣೆಗಳಲ್ಲಿ ಹೀಗೆ ಸುಮ್ನೆ ಒಂದೊಂದು ಸೊನ್ನೆ ಸೇರಿಕೊಂಡಿತ್ತು. ಮಾವ ಕಂಡುಹಿಡಿದರು. "ಒಂದೇ ದಿನಕ್ಕೆ ಹತ್ತು ಇಂಚು ಬಂದಿದ್ದರೆ ನನಗೆ ನೆನಪಿರುತ್ತಿತ್ತು" ಅಂದರು.

ಯಾವ ಮಳೆಗೆ ಯಾವ ಬಣ್ಣ ಅನ್ನುವ ಲೆಕ್ಕಕ್ಕೆ ಹವಾಮಾನ ಇಲಾಖೆಯ ಮೆಟ್ಟಿಲುಗಳನ್ನೇ ಹಿಡಿದೆ. ಅವರ ಪ್ರಕಾರ 2.5 ಮಿಲಿಮೀಟರ್ ಅಥವಾ ಜಾಸ್ತಿ ಬಿದ್ದರೆ ಅದು ಮಳೆ ದಿನ. ಹೆಚ್ಚುಕಡಿಮೆ 10 ಸೆಂಟು! 64.5 ಮಿಲಿಮೀಟರ್ ದಾಟಿದರೆ ಭಾರಿ ಮಳೆ, ಅಂದರೆ ಎರಡೂವರೆ ಇಂಚಿನ ಮೇಲೆ. 115.6ರಿಂದ ಅತಿ ಭಾರಿ, ನಾಲ್ಕೂವರೆ ಇಂಚಿನ ಮೇಲೆ. ನಡುವೆ ಮಾವ ಒಂದು ಇಂಚಿಗೆ ಒಂದು ಮೆಟ್ಟಿಲು ಬೇಕೇ ಬೇಕು ಅಂದರು. ರೊಬಸ್ಟಾ ಕಾಫಿಯ ಹೂವಿಗೆ ಒಂದು ಇಂಚಿನ ಲೆಕ್ಕ ಅವರ ತಲೆಯಲ್ಲಿ ಕೂತಿದೆ. ಅದಕ್ಕಿಂತ ಕಡಿಮೆ ಬಂದರೆ ಹೂ ಸರಿಯಾಗಿ ಅರಳುವುದಿಲ್ಲ ಅಂತ ಸ್ಪ್ರಿಂಕ್ಲರ್ ಕಡೆ ನೋಡುತ್ತಾರೆ. ಹೀಗೆ ಐದು ಬಣ್ಣ: 10 ಸೆಂಟಿನ ಒಳಗೆ, ಒಂದು ಇಂಚಿನವರೆಗೆ, ಎರಡೂವರೆವರೆಗೆ, ನಾಲ್ಕೂವರೆವರೆಗೆ, ಅದರ ಮೇಲೆ.

ಬಣ್ಣ ಆರಿಸುವುದರಲ್ಲಿ ನಾನು ಆಸೆಗೆ ಬಿದ್ದೆ. ಶೇಡಿಂಗ್ ಪಟ್ಟಿಯ ಕೆಳಸಾಲಿನಲ್ಲಿ ಹತ್ತು ಸ್ಟ್ಯಾಂಡರ್ಡ್ ಬಣ್ಣಗಳಿವೆ. ಅದರಿಂದ ಕ್ರಮವಾಗಿ ತಿಳಿ ಹಸಿರು, ಕಿತ್ತಳೆ, ತಿಳಿ ನೀಲಿ, ನೀಲಿ, ಕೆಂಪು ತೆಗೆದುಕೊಂಡೆ. ಪರದೆಯ ಮೇಲೆ ಜಾತ್ರೆ. ಪೆನ್ ಡ್ರೈವ್ ಹಿಡಿದು ನಾಪೋಕ್ಲು ಪೇಟೆಗೆ ಹೋದೆ. ಅಂಗಡಿಯ ಹುಡುಗ "ಅಕ್ಕ, ಕಲರ್ ಮಿಷನ್ ಕೆಟ್ಟಿದೆ, ಬ್ಲ್ಯಾಕ್ ಅಂಡ್ ವೈಟ್ ಕೊಡ್ಲಾ?" ಅಂದ. ಆಗಲಿ, ಒಂದು ನೋಡೋಣ ಅಂದೆ.

ಆ ಮಿಷನ್ ಕೆಟ್ಟಿದ್ದು ಒಳ್ಳೆಯದೇ ಆಯಿತು. ಬಂದ ಹಾಳೆ ನೋಡಿದರೆ ತಿಳಿ ಹಸಿರು, ಕಿತ್ತಳೆ ಎರಡೂ ಒಂದೇ ಬೂದಿ. ಕೆಂಪು, ನೀಲಿ ಎರಡೂ ಒಂದೇ ಕಪ್ಪು. ಮಾವ ಹಾಳೆ ಹಿಡಿದು "ಇದರಲ್ಲಿ ಜಾಸ್ತಿ ಮಳೆ ಯಾವುದು?" ಅಂತ ಕೇಳಿದರು. ನನಗೂ ಗೊತ್ತಾಗಲಿಲ್ಲ.

ರಾತ್ರಿ ಕೂತು ಲೆಕ್ಕ ಹಾಕಿದೆ. ಪರದೆಯ ಪ್ರತಿ ಬಣ್ಣವೂ ಕೆಂಪು, ಹಸಿರು, ನೀಲಿ ಅನ್ನುವ ಮೂರು ಅಂಕಿಗಳ ಮಿಶ್ರಣ. ಒಂದೊಂದೂ 0ಯಿಂದ 255ರವರೆಗೆ. ಅದನ್ನು ಬೂದಿ ಮಾಡುವ ಒಂದು ಹಳೆ ಸೂತ್ರ ಇದೆ. ಕೆಂಪಿನ 0.299, ಹಸಿರಿನ 0.587, ನೀಲಿಯ 0.114 ಪಾಲು ಕೂಡಿಸಿದರಾಯಿತು. ನಮ್ಮ ಕಣ್ಣಿಗೆ ಹಸಿರು ಹೆಚ್ಚು ಬೆಳಕಾಗಿ, ನೀಲಿ ತೀರಾ ಮಂಕಾಗಿ ಕಾಣುವುದರಿಂದ ಈ ಪಾಲು. ವರ್ಡ್‌ನ ತಿಳಿ ಹಸಿರು ಅಂದರೆ 146, 208, 80. ಕೂಡಿದರೆ 175 ಬರುತ್ತದೆ. ಕಿತ್ತಳೆ 255, 192, 0. ಅದು 189. ಎರಡಕ್ಕೂ ಇರುವ ಅಂತರ ಬರೀ 14. ಕೆಂಪು 76, ನೀಲಿ 88. ಬೂದಿ ಮಾಡಿದ ಮೇಲೆ ಇವನ್ನು ಬೇರೆ ಮಾಡುವುದು ಕಣ್ಣಿಗೆ ಬಲು ಕಷ್ಟ. ಇನ್ನೊಂದು ಎಡವಟ್ಟೂ ಇತ್ತು. ಹಸಿರಿಗಿಂತ ಕಿತ್ತಳೆ ಸ್ವಲ್ಪ ಬೆಳ್ಳಗೆ. ಅಂದರೆ ಮಳೆ ಏರಿದ ಹಾಗೆ ಬಣ್ಣ ಇಳಿಯುತ್ತಿತ್ತು.

ಬಣ್ಣದ ಹಾಳೆಗೆ ಕಾಯಬಹುದಿತ್ತು ನಿಜ. ಆದರೆ ಗೋಡೆಯ ಹಾಳೆಯನ್ನು ಯಾರಾದರೂ ಫೋಟೊಕಾಪಿ ಮಾಡಿಸಿಕೊಳ್ಳುತ್ತಾರೆ. ಪಕ್ಕದ ತೋಟದವರು ಆಗಲೇ ಕೇಳಿದ್ದರು. ಹಾಗಾಗಿ ಬಣ್ಣ ಹೋದರೂ ಅರ್ಥ ಉಳಿಯಬೇಕು ಅಂತ ಹೊಸದಾಗಿ ಶುರು ಮಾಡಿದೆ.

ಭೂಪಟ ಮಾಡುವವರಿಗೆ ಅಂತ ಸಿಂಥಿಯಾ ಬ್ರೂವರ್ ಅನ್ನುವವರು ರೂಪಿಸಿದ ಬಣ್ಣದ ಏಣಿಗಳಿವೆ. ಕಲರ್‌ಬ್ರೂವರ್ ಅಂತ ಹೆಸರು. ಅದರಲ್ಲಿ ಐದು ಮೆಟ್ಟಿಲಿನ ನೀಲಿ ತೆಗೆದುಕೊಂಡೆ. ಶೇಡಿಂಗ್‌ನಲ್ಲಿ 'ಮೋರ್ ಕಲರ್ಸ್', ಅದರಲ್ಲಿ 'ಕಸ್ಟಮ್', ಅಲ್ಲಿ ಮೂರು ಅಂಕಿ. ಮೊದಲನೆಯದು 239, 243, 255. ಎರಡನೆಯದು 189, 215, 231. ಮೂರು 107, 174, 214. ನಾಲ್ಕು 49, 130, 189. ಕಡೆಯದು 8, 81, 156. ಬೂದಿ ಮಾಡಿದರೆ 243, 209, 159, 113, 68. ಒಂದೊಂದು ಮೆಟ್ಟಿಲಿಗೂ 34ರಿಂದ 50ರವರೆಗೆ ಅಂತರ. ಮಳೆಗೆ ನೀಲಿ ಅಂತ ಬಿಡಿಸಿ ಹೇಳುವುದೂ ಬೇಡ.

ಥೀಮ್ ಬಣ್ಣಗಳನ್ನು ಬೇಕಂತಲೇ ಬಿಟ್ಟೆ. ಡಿಸೈನ್ ಟ್ಯಾಬಿನಲ್ಲಿ ಯಾರಾದರೂ ಥೀಮ್ ಬದಲಿಸಿದರೆ ಆ ಬಣ್ಣಗಳೂ ಬದಲಾಗುತ್ತವೆ. ನಮ್ಮ ಮನೆಯಲ್ಲಿ ಮಗ ಇದ್ದಾನೆ. ಅಂಕಿ ಕೊಟ್ಟು ಮಾಡಿದ ಬಣ್ಣ ಅಲ್ಲಾಡುವುದಿಲ್ಲ.

ಕಡು ಕೋಣೆಗಳಲ್ಲಿ ಕಪ್ಪು ಅಂಕಿ ಮುಳುಗಿಹೋಯಿತು. ಅಕ್ಷರದ ಬಣ್ಣ 'ಆಟೊಮ್ಯಾಟಿಕ್' ಇದ್ದರೆ ತುಂಬ ಕಡು ಬಣ್ಣದ ಮೇಲೆ ವರ್ಡ್ ತಾನೇ ಬಿಳಿ ಮಾಡುತ್ತದೆ. ನಡುಮಟ್ಟದ ಬಣ್ಣದ ಮೇಲೆ ಅದನ್ನು ನಂಬಬೇಡಿ. ನಾಲ್ಕನೆಯ, ಐದನೆಯ ಮೆಟ್ಟಿಲಿಗೆ ನಾನೇ ಬಿಳಿ ದಪ್ಪಕ್ಷರ ಕೊಟ್ಟೆ. ಪೇಟೆಗೆ ಹೋಗದೆ ಬೂದಿ ನೋಡುವ ಉಪಾಯವೂ ಸಿಕ್ಕಿತು. ವಿಂಡೋಸ್ ಸೆಟ್ಟಿಂಗ್ಸಿನಲ್ಲಿ ಕಲರ್ ಫಿಲ್ಟರ್ ಅಂತ ಇದೆ. ಅದರ ಶಾರ್ಟ್‌ಕಟ್ ಚಾಲೂ ಮಾಡಿಟ್ಟು ವಿಂಡೋಸ್, ಕಂಟ್ರೋಲ್, ಸಿ ಮೂರೂ ಒಟ್ಟಿಗೆ ಒತ್ತಿದರೆ ಇಡೀ ಪರದೆ ಬೂದಿಯಾಗುತ್ತದೆ. ಮತ್ತೆ ಒತ್ತಿದರೆ ಬಣ್ಣ ವಾಪಸ್. ಇದು ಮೊದಲೇ ಗೊತ್ತಿದ್ದರೆ ಒಂದು ಬಸ್ ಚಾರ್ಜ್ ಉಳಿಯುತ್ತಿತ್ತು.

ಹಿಂಬದಿಯ ಟಿಪ್ಪಣಿ ಪುಟದಲ್ಲಿ ಪ್ಯಾರಾ ಬಣ್ಣವೇ ಸರಿ. ಹೂಮಳೆ ಸಾಲುಗಳಿಗೆ ತೆಳು ಬಣ್ಣ ಕೊಟ್ಟೆ. ಬಣ್ಣ ಅಕ್ಷರಕ್ಕೆ ತೀರಾ ಅಂಟಿಕೊಂಡು ಕೂತಿತು, ಉಸಿರಾಡಲು ಜಾಗವಿಲ್ಲ. ಅದೇ ಬಣ್ಣದ ಬಾರ್ಡರ್ ಹಾಕಿ, 'ಆಪ್ಷನ್ಸ್' ಒಳಗೆ ಅಕ್ಷರದಿಂದ ದೂರ ಹೆಚ್ಚಿಸಿದೆ. ಬಾರ್ಡರ್ ಕಾಣುವುದಿಲ್ಲ, ಪಟ್ಟಿ ಅಗಲವಾಗುತ್ತದೆ. ಇದನ್ನು ಒಂದು ಸ್ಟೈಲ್ ಮಾಡಿ 'ಹೂಮಳೆ' ಅಂತ ಹೆಸರಿಟ್ಟೆ. ಇನ್ನು ಬಣ್ಣ ಬದಲಿಸಬೇಕಾದರೆ ಒಂದು ಕಡೆ ಬದಲಿಸಿದರೆ ಸಾಕು.

ಇಷ್ಟಾದ ಮೇಲೆ ಉಳಿದದ್ದು ಖಾಲಿ ಕೋಣೆಗಳು. ಇವು ಇಷ್ಟು ಯೋಚನೆ ಬೇಡುತ್ತವೆ ಅಂತ ಅಂದುಕೊಂಡಿರಲಿಲ್ಲ.

31 ಸಾಲು, 12 ತಿಂಗಳು ಅಂದರೆ 372 ಕೋಣೆ. ವರ್ಷಕ್ಕೆ 365 ದಿನ. ಉಳಿದ ಏಳು ಇಲ್ಲದ ದಿನಗಳು. ಫೆಬ್ರವರಿಯ ಮೂರು, ಏಪ್ರಿಲ್, ಜೂನ್, ಸೆಪ್ಟೆಂಬರ್, ನವೆಂಬರಿನ ಒಂದೊಂದು. ಅವಕ್ಕೆ ಒಂದು ಅಡ್ಡಗೆರೆ ಬರೆದು ಬಿಟ್ಟೆ. ಮಳೆ ಇಲ್ಲದ ದಿನಕ್ಕೆ 0, ಬಣ್ಣ ಇಲ್ಲ. ಇಲ್ಲಿ 'ವೈಟ್' ಕೊಡಬೇಡಿ, 'ನೋ ಕಲರ್' ಕೊಡಿ. ಬಿಳಿಯೂ ಒಂದು ಬಣ್ಣವೇ. ಹಿಂದೆ ವಾಟರ್‌ಮಾರ್ಕ್ ಇದ್ದರೆ ಅದನ್ನು ಮುಚ್ಚಿಬಿಡುತ್ತದೆ.

ಮೂರನೇ ಥರದ ಖಾಲಿ ಆಗಸ್ಟಿನಲ್ಲಿತ್ತು. 16, 17, 18. ಪುಸ್ತಕದಲ್ಲಿ ಆ ಮೂರು ಸಾಲು ಖಾಲಿ. 18ರ ಪಕ್ಕ ಪೆನ್ಸಿಲಿನಲ್ಲಿ "ತುಂಬಿ ಚೆಲ್ಲಿದೆ" ಅಂತ ಬರೆದಿದೆ. ಆ ವಾರ ಮಕ್ಕಂದೂರು, ಜೋಡುಪಾಲ, ಮುಕ್ಕೋಡ್ಲು ಕಡೆ ಗುಡ್ಡ ಜರಿದದ್ದು ಎಲ್ಲರಿಗೂ ಗೊತ್ತು. ಮಾವನ ತಂಗಿ ಮನೆ ಮಕ್ಕಂದೂರಿನ ಕಡೆ. ಅವರನ್ನು ಹುಡುಕಿಕೊಂಡು 15ರ ರಾತ್ರಿ ಮಡಿಕೇರಿಗೆ ಹೋದ ಮಾವ ವಾಪಸ್ ಬಂದದ್ದು 18ರ ಮಧ್ಯಾಹ್ನ. ಎಲ್ಲರೂ ಪರಿಹಾರ ಕೇಂದ್ರದಲ್ಲಿ ಸಿಕ್ಕಿದ್ದರು. ಮಾಪಕದಿಂದ ನೀರು ಹೊರಗೆ ಹರಿದಿತ್ತು.

ಆ ಕೋಣೆಗಳನ್ನು ಬಣ್ಣವಿಲ್ಲದೆ ಬಿಟ್ಟರೆ ಮಳೆ ಬರಲಿಲ್ಲ ಅಂತ ಓದಿಸುತ್ತದೆ. ವರ್ಷದಲ್ಲೇ ದೊಡ್ಡ ಸುಳ್ಳು ಅದಾಗುತ್ತದೆ. ಕಡು ನೀಲಿ ತುಂಬಿದರೆ ಅಳೆಯದೆ ಅಳೆದೆ ಅಂದ ಹಾಗೆ. ಹಿಂದಿನ ದಿನ, ಮುಂದಿನ ದಿನ ಎರಡೂ ಕಡು ನೀಲಿಯೇ, ಹಾಕಿದರೆ ಯಾರೂ ತಪ್ಪು ಅನ್ನುವುದಿಲ್ಲ ಅಂತ ನಾನು ಹೇಳಿದೆ. ಮಾವ ಒಪ್ಪಲಿಲ್ಲ. "ನಾನು ನೋಡಿಲ್ಲ. ನೋಡದ್ದನ್ನ ಬರೆಯಬೇಡ" ಅಂದರು.

ಬಾರ್ಡರ್ಸ್ ಅಂಡ್ ಶೇಡಿಂಗ್ ಪೆಟ್ಟಿಗೆಯಲ್ಲಿ 'ಫಿಲ್' ಕೆಳಗೆ 'ಪ್ಯಾಟರ್ನ್ಸ್' ಅಂತ ಇದೆ. ಅಲ್ಲಿಯವರೆಗೆ ಅದನ್ನು ಮುಟ್ಟಿರಲಿಲ್ಲ. ಮೊದಲು 'ಸಾಲಿಡ್' ಆರಿಸಿದೆ, ಮೂರೂ ಕೋಣೆ ಕಪ್ಪಾದವು. ಆಮೇಲೆ ಅರ್ಥವಾಯಿತು. ಫಿಲ್ ಅನ್ನುವುದು ಹಿಂದಿನ ಬಣ್ಣ, ಪ್ಯಾಟರ್ನ್ ಅದರ ಮೇಲೆ ಬಿಡಿಸುವ ಚುಕ್ಕಿ ಗೆರೆ. ಸಾಲಿಡ್ ಕೊಟ್ಟರೆ ಮೇಲಿನದು ಕೆಳಗಿನದನ್ನು ಪೂರ್ತಿ ಮುಚ್ಚುತ್ತದೆ. ಪಟ್ಟಿಯಲ್ಲಿ ಕೆಳಗೆ ಹೋದರೆ ಅಡ್ಡ, ಉದ್ದ, ಓರೆ ಗೆರೆಗಳು ಸಿಗುತ್ತವೆ. ತೆಳು ಓರೆ ಗೆರೆ ಆರಿಸಿ, ಗೆರೆಗೆ ಬೂದು ಬಣ್ಣ ಕೊಟ್ಟು, ಫಿಲ್ 'ನೋ ಕಲರ್' ಬಿಟ್ಟೆ. ಕಡು ನೀಲಿಯ ನಡುವೆ ಆ ಮೂರು ಗೆರೆ ಕೋಣೆಗಳು ದೂರದಿಂದಲೇ ಕಾಣುತ್ತವೆ. ಫೋಟೊಕಾಪಿಯಲ್ಲೂ ಉಳಿಯುತ್ತವೆ. ಆಗಸ್ಟಿನ ಮೊತ್ತದ ಕೋಣೆಗೂ ಅದೇ ಗೆರೆ ಹಾಕಿದೆ, ಅದೂ ಪೂರ್ತಿ ಅಲ್ಲವಲ್ಲ. ಕೀಲಿಯಲ್ಲಿ ಐದು ನೀಲಿಯ ಪಕ್ಕ ಆರನೆಯದಾಗಿ ಓರೆ ಗೆರೆ, ಮುಂದೆ "ಅಳತೆ ಇಲ್ಲ".

ಕಡೆಯ ಮುದ್ರಣಕ್ಕೆ ಬಣ್ಣದ ಮಿಷನ್ ಸರಿಯಾಗಿತ್ತು. ಮನೆಯಿಂದ ಒಯ್ದ ದಪ್ಪ ಕಾಗದ ಮಳೆಗಾಲದ ತೇವಕ್ಕೆ ಮೆತ್ತಗಾಗಿ ಎರಡು ಸಲ ಸಿಕ್ಕಿಕೊಂಡಿತು. ಹುಡುಗ ಬೈಯಲಿಲ್ಲ, ಅವನದ್ದೇ ಒಣ ಕಾಗದ ಹಾಕಿ ಕೊಟ್ಟ. ಲ್ಯಾಮಿನೇಷನ್ ಅಲ್ಲೇ ಮಾಡಿಸಬೇಕಿತ್ತು. ನಾಳೆ ಮಾಡಿಸೋಣ ಅಂತ ಮನೆಗೆ ತಂದೆ. ಮರುದಿನ ಆಗಸ್ಟ್ 3, ಕಕ್ಕಡ ಹದಿನೆಂಟು, ಅಂದರೆ ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನ. ಮದ್ದುಸೊಪ್ಪಿನ ಪಾಯಸ ತಿನ್ನುತ್ತಾ ಮಗ ಹಾಳೆಯ ಮೇಲೆ ಬಗ್ಗಿದ. ಮಾರ್ಚ್ ತಿಂಗಳ ಮೇಲೆ ಒಂದು ನೇರಳೆ ಹನಿ ಬಿತ್ತು. ಕೀಲಿಯಲ್ಲಿ ಇಲ್ಲದ ಬಣ್ಣ ಅದೊಂದೇ, ಕಂಟ್ರೋಲ್ ಕ್ಯೂಗೂ ಬಗ್ಗಲಿಲ್ಲ. ಮಾವ ಮತ್ತೆ ಪ್ರಿಂಟ್ ಬೇಡ ಅಂದರು. ಹಾಗೇ ಲ್ಯಾಮಿನೇಟ್ ಆಗಿ ಗೋಡೆ ಮೇಲಿದೆ.

ಫೈಲನ್ನು ಅಂಕಿ ಅಳಿಸಿ ಟೆಂಪ್ಲೇಟ್ ಮಾಡಿಟ್ಟಿದ್ದೇನೆ. ಈಗ ಮೇಜಿನ ಮೇಲೆ 2019ರ ಪುಸ್ತಕ ಬಂದಿದೆ. ಅದರಲ್ಲಿ ಮೇ ತಿಂಗಳ ಅರ್ಧ ಇಲಿ ತಿಂದಿದೆ. ಓರೆ ಗೆರೆ ಜಾಸ್ತಿ ಬೇಕಾಗುತ್ತದೆ.